ಅಳತೆ ರವಿಕೆಯ ಮೇಲೆ ಮಾತ್ರ ಅನುಮಾನ ಬರಲಿಲ್ಲ

ನಮ್ಮ ಮೊಮ್ಮಗಳು ಇವತ್ತು ಸ್ವೆಟರ್ ಹಾಕದೆ ಶಾಲೆಗೆ ಹೋಗಿ ಬಂದಳು!

ಮೊದಲು ಇದನ್ನು ಹೇಳಿಬಿಟ್ಟೆ. ಇನ್ನು ಮಿಕ್ಕಿದ್ದನ್ನು ಸಮಾಧಾನದಲ್ಲಿ ಹೇಳ್ತೇನೆ. ಜೂನ್ ತಿಂಗಳು, ಬೆಳಿಗ್ಗೆಯಿಂದ ಬಿಡದ ಮಳೆ, ಬಣಕಲ್ಲಿನ ಬಸ್‌ಸ್ಟಾಪಿನಲ್ಲಿ ನಿಂತ ಜನವೆಲ್ಲ ಸ್ವೆಟರಿನೊಳಗೆ ಮುದುಡಿಕೊಂಡಿದ್ದರು. ಇಂಥ ದಿನ ಹುಡುಗಿ ಸ್ವೆಟರ್ ಬಿಟ್ಟು ಹೋದಳು ಅಂತ ಕುಣಿಯೋ ಅಜ್ಜ ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ತಡೆಯೋಕಾಗದೆ, ಎದುರಿನ ಬಟ್ಟೆ ಅಂಗಡಿಯ ಸಾಹೇಬರಿಗೆ ರಸ್ತೆಯ ಈ ಕಡೆಯಿಂದಲೇ ಕೂಗಿ ಹೇಳಿದೆ. "ಹುಡುಗಿಗೆ ಶೀತ ಆದೀತು ಮಾರಾಯ್ರೇ, ನಿಮಗೆ ನಗುವಾ?" ಅಂದರು ಅವರು. ಆಮೇಲೆ ಅವರೂ ನಕ್ಕರು. ಅವರಿಗೆ ಗೊತ್ತು.

ನಾನು ಬಣಕಲ್ಲಿನ ಲೇಡೀಸ್ ಟೈಲರು. ಓದಿದ್ದು ನಾಲ್ಕನೇ ಕ್ಲಾಸು. ಬರೆದು ಅಭ್ಯಾಸ ಅಂದರೆ ಅಳತೆ ಪುಸ್ತಕದಲ್ಲಿ ಭುಜ, ಎದೆ, ಸೊಂಟ, ತೋಳು ಅಂತ ಬರೆದಷ್ಟೇ. ಎಲ್ಲಾದರೂ ತಪ್ಪಿದ್ದರೆ ಹೊಲಿಗೆ ಬಿಚ್ಚಿ ಸರಿಮಾಡಿಕೊಂಡು ಓದಬೇಕು.

ಕಾಫಿ ರೇಟು ನೆಲಕ್ಕೆ ಬಿದ್ದಿರುವ ವರ್ಷ ಇದು. ಏಪ್ರಿಲ್ ತಿಂಗಳಲ್ಲಿ ಮೊಮ್ಮಗಳು ಚಿಕ್ಕಮಗಳೂರಿನ ಹಾಸ್ಟೆಲಿನಿಂದ ಟೀಚರ್ ಟ್ರೈನಿಂಗ್ ಮುಗಿಸಿ ಮನೆಗೆ ಬಂದಳು. ಬಂದ ಹತ್ತು ದಿನಕ್ಕೇ ಮೂಡಿಗೆರೆಯ ಒಂದು ಶಾಲೆಯಿಂದ ಕಾಗದ ಬಂತು. ಶಾಲೆ ಶುರುವಾಗುವ ದಿನವೇ ಬಂದು ಸೇರಿಕೊಳ್ಳಬೇಕು, ಬಾರದಿದ್ದರೆ ಜಾಗ ಮತ್ತೊಬ್ಬರಿಗೆ. ಕೆಳಗೆ ಇನ್ನೊಂದು ಸಾಲು: ಟೀಚರುಗಳು ಸೀರೆಯಲ್ಲೇ ಬರತಕ್ಕದ್ದು. ನಮ್ಮ ವಂಶದಲ್ಲಿ ಮೇಷ್ಟ್ರ ಕೈಯಲ್ಲಿ ಹೊಡೆಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ, ಮೇಷ್ಟ್ರಾದವರು ಯಾರೂ ಇಲ್ಲ. ಆ ಕಾಗದವನ್ನು ನಾನು ಮಷೀನಿನ ಡ್ರಾಯರಿನಲ್ಲಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸಿದೆ.

ಸೊಸೆ ನಾಲ್ಕು ಬ್ಲೌಸ್ ಪೀಸು ತಂದಿಟ್ಟಳು. ಎಲ್ಲವೂ ತಿಳಿ ಬಣ್ಣ. ಬಿಸ್ಕತ್ತು, ಮಾಸಲು ಗುಲಾಬಿ, ಆಕಾಶ, ಕೆನೆ. ಹುಡುಗಿ ಬಣ್ಣದಲ್ಲಿ ನನ್ನ ಹಾಗೆ, ಕಪ್ಪು. ಕಪ್ಪಿನವರಿಗೆ ತಿಳಿ ಬಣ್ಣ ಅಂತ ನನ್ನ ಗುರುಗಳು ಹೇಳಿಕೊಟ್ಟಿದ್ದರು, ನಾನು ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೆ, ಸೊಸೆ ನನ್ನಿಂದಲೇ ಕಲಿತಿದ್ದಳು. ಮೊಮ್ಮಗಳು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅಳತೆ ರವಿಕೆ ತಂದುಕೊಟ್ಟಳು.

ಅಳತೆ ರವಿಕೆಯ ವಿಷಯ ಹೆಂಗಸರಿಗೆ ಹೇಳಬೇಕಿಲ್ಲ, ಗಂಡಸರಿಗಾಗಿ ಹೇಳ್ತೇನೆ. ನಮ್ಮ ಕಡೆ ಗಂಡಸು ಟೈಲರು ಹೆಂಗಸರ ಮೈಗೆ ಟೇಪು ಹಿಡಿಯೋದಿಲ್ಲ. ಸರಿಯಾಗಿ ಕೂರುವ ಒಂದು ಹಳೆ ರವಿಕೆ ಕೊಡ್ತಾರೆ. ಅದನ್ನು ಟೇಬಲ್ಲಿನ ಮೇಲೆ ಹರವಿ, ಅದರ ಮೇಲೆ ಟೇಪು ಹಿಡಿದು, ಅದರ ಪ್ರಕಾರ ಹೊಸದನ್ನು ಕತ್ತರಿಸೋದು. ನನ್ನ ಕೆಲಸದಲ್ಲಿ ಮೈ ಅಂದರೆ ಅಳತೆ ರವಿಕೆಯೇ.

ಮೊದಲು ಎರಡು ಹೊಲಿದು ಕೊಟ್ಟೆ. ಹುಡುಗಿ ಪರದೆ ಹಿಂದೆ ಹೋಗಿ ಹಾಕಿಕೊಂಡು, ಕನ್ನಡಿಯ ಕಡೆ ತಿರುಗಿಯೂ ನೋಡದೆ ಬಂದಳು. "ಸರಿ ಇದೆ ಅಜ್ಜ."

ನನಗೆ ಅಲ್ಲೇ ಅನುಮಾನ ಶುರುವಾಯಿತು. ಕಂಕುಳಲ್ಲಿ ಕೂದಲೆಳೆಯಷ್ಟು ಹೆಚ್ಚಾದರೂ ಹೆಂಗಸರು ಜಗಳಕ್ಕೆ ಬರ್ತಾರೆ. ಕನ್ನಡಿ ನೋಡದೆ ಸರಿ ಇದೆ ಅನ್ನುವವರು ಎಂತದೋ ಮುಚ್ಚಿಡ್ತಿದ್ದಾರೆ ಅಂತಲೇ ಲೆಕ್ಕ.

ಆಮೇಲೆ ಸ್ವೆಟರು. ಮೇ ತಿಂಗಳ ಬಿಸಿಲು, ಫ್ಯಾನಿನ ಕೆಳಗೆ ಕೂತು ನಾನು ಬೆವರಿನಲ್ಲಿ ತೊಯ್ತಿದ್ದೇನೆ. ಇವಳು ಹೊಸ ಬ್ಲೌಸಿನ ಮೇಲೆ ನೀಲಿ ಸ್ವೆಟರ್ ಹಾಕಿ ಕುತ್ತಿಗೆವರೆಗೆ ಗುಂಡಿ ಏರಿಸಿಕೊಂಡು ಓಡಾಡ್ತಾಳೆ. ಪಕ್ಕದ ಮನೆಯ ಮದುವೆಗೂ ಅದೇ.

"ಜ್ವರ ಏನಾದ್ರೂ ಉಂಟಾ ಮಗಾ?"

"ಇಲ್ಲ ಅಜ್ಜ. ಚಳಿ."

ಮೇ ತಿಂಗಳಲ್ಲಿ ಚಳಿ! ನಮ್ಮನೆಯವಳ ಹತ್ತಿರ ಹೇಳಿದರೆ, "ನಿಮಗೆ ಅನುಮಾನದ ಕಾಯಿಲೆ. ಕೋಳಿ ಮೊಟ್ಟೆ ಇಟ್ರೂ ಯಾರ ಮನೆದು ಅಂತ ಕೇಳ್ತೀರಿ" ಅಂತ ಒಳಗೆ ಹೋದಳು.

ಇರಲಿ, ಕಾಯಿಲೆಯೇ ಅನ್ನಿ. ಮೊದಲು ಅನುಮಾನ ಮಷೀನಿನ ಮೇಲೆ ಹೋಯಿತು. ನೂಲು ಬಿಗಿಯಾಗಿ ಎಳೆದು ಹೊಲಿಗೆ ಸುಕ್ಕು ಬರ್ತಿದೆಯೋ ಅಂತ ಬಾಬಿನ್ ಬಿಚ್ಚಿ ನೋಡಿದೆ. ಸರಿ ಇತ್ತು. ಟೇಪಿನ ಮೇಲೆ ಬಂತು. ಬಟ್ಟೆಯ ಟೇಪು ಹಳತಾದರೆ ಜಗ್ಗುತ್ತದೆ, ಹೊಸದು ತಂದು ಪಕ್ಕದಲ್ಲಿ ಇಟ್ಟು ನೋಡಿದೆ. ಅದೂ ಸರಿ ಇತ್ತು. ಕಣ್ಣಿನ ಮೇಲೂ ಬಂತು. ಸೂಜಿಗೆ ದಾರ ಪೋಣಿಸಿ ನೋಡಿದೆ, ಎರಡನೇ ಸಲಕ್ಕೆ ಹೋಯಿತು.

ಮತ್ತೆ ಒಂದು ದಿನ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ್ದ ಆ ಸ್ವೆಟರಿನ ಜೇಬಿಗೆ ಕೈ ಹಾಕಿದೆ. ತಪ್ಪು, ಒಪ್ಪಿಕೊಳ್ತೇನೆ. ಚೀಟಿ ಕಾಗದ ಸಿಕ್ಕೀತು ಅಂದುಕೊಂಡಿದ್ದೆ. ಸಿಕ್ಕಿದ್ದು ಎಂಟು ಪಿನ್ನು. ಒಂದಕ್ಕೊಂದು ಕೊಂಡಿ ಹಾಕಿದ ಸೇಫ್ಟಿ ಪಿನ್ನು.

ಬೇರೆ ಅಜ್ಜಂದಿರು ಏನು ಯೋಚನೆ ಮಾಡ್ತಿದ್ದರೋ ಗೊತ್ತಿಲ್ಲ. ಟೈಲರಿಗೆ ಬರುವ ಯೋಚನೆ ಒಂದೇ: ಇವಳು ಬೇರೆ ಟೈಲರ ಹತ್ತಿರ ಹೋಗ್ತಿದ್ದಾಳೆ! ನಾನು ಹೊಲಿದದ್ದನ್ನು ಅಲ್ಲಿ ಬಿಚ್ಚಿಸಿ ಹೊಲಿಸ್ತಿದ್ದಾಳೆ. ಎದೆಗೆ ಕತ್ತರಿ ಹಾಕಿದ ಹಾಗಾಯಿತು. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸಬನೊಬ್ಬ ಗಾಜಿನ ಬಾಗಿಲಿನ ಅಂಗಡಿ ಇಟ್ಟಿದ್ದ. ಮಗ ಎಸ್ಟೇಟುಗಳಿಗೆ ಜೀಪು ಓಡಿಸ್ತಾನೆ, ದಿನಾ ಆ ದಾರಿಯಲ್ಲೇ ಹೋಗೋದು.

"ಸ್ವಲ್ಪ ಇಣುಕಿ ನೋಡು ಮಾರಾಯ" ಅಂದೆ.

"ಅಪ್ಪ, ಜೀಪಿನಲ್ಲಿ ಹದಿನಾಲ್ಕು ಜನ ಕೂತಿರ್ತಾರೆ. ಲೇಡೀಸ್ ಟೈಲರ್ ಅಂಗಡಿ ಮುಂದೆ ನಿಲ್ಲಿಸಿ, ಒಳಗೆ ನನ್ನ ಮಗಳಿದ್ದಾಳಾ ಅಂತ ಕೇಳ್ಲಾ? ನನ್ನನ್ನ ಅಲ್ಲೇ ಹೊಲಿದು ಹಾಕ್ತಾರೆ."

ಕೊನೆಗೆ ಎದುರಿನ ಸಾಹೇಬರ ಅಂಗಡಿಗೆ ಹೋದೆ. ಬ್ಲೌಸ್ ಪೀಸು ಅವರಲ್ಲೇ ತಂದದ್ದು. "ನಿಮ್ಮ ಬಟ್ಟೆ ಕುಗ್ಗುತ್ತದೆ" ಅಂದೆ.

ಅವರಿಗೆ ಬೇಜಾರಾಯಿತು, ಆದರೆ ತೋರಿಸಲಿಲ್ಲ. "ನೀರಿಗೆ ಹಾಕಿ ಒಣಗಿಸಿ ಹೊಲಿದ್ರಾ?"

"ಹೌದು."

"ಹಾಗಾದ್ರೆ ಕುಗ್ಗೋದೆಲ್ಲ ಮೊದಲೇ ಕುಗ್ಗಿ ಆಯ್ತಲ್ಲ. ಟೈಲರೇ, ಮಷೀನಿನ ಮೇಲೆ ಅನುಮಾನ, ಬಟ್ಟೆ ಮೇಲೆ ಅನುಮಾನ. ಹುಡುಗಿ ಹತ್ರ ಕೇಳಿದ್ರಾ?"

"ಕೇಳಿದೆ. ಸರಿ ಇದೆ ಅಂದ್ಳು."

"ಮುಖ ನೋಡಿ ಕೇಳಿದ್ರಾ, ಬ್ಲೌಸ್ ನೋಡಿ ಕೇಳಿದ್ರಾ?"

ರಸ್ತೆ ದಾಟಿ ಮನೆಗೆ ಬಂದೆ. ಆದರೆ ಮುಖ ನೋಡೋ ಬದಲು ಮತ್ತೆ ಬ್ಲೌಸೇ ನೋಡಿದೆ, ನೋಡಿ! ಹಗ್ಗದ ಮೇಲೆ ಒಣಗ್ತಿದ್ದ ಬಿಸ್ಕತ್ ಬಣ್ಣದ್ದನ್ನು ತೆಗೆದು ಒಳಮೈ ಹೊರಗೆ ಮಾಡಿ ಹಿಡಿದೆ. ಕಂಕುಳ ಹತ್ತಿರ ನನ್ನ ಮಷೀನಿನ ಹೊಲಿಗೆ ಬಿಚ್ಚಿತ್ತು. ಅದರ ಬದಲು ಕೈಹೊಲಿಗೆ, ಅಂಚಿನ ತುದಿಯವರೆಗೆ ಹೊರಗೆ ತಂದದ್ದು. ಯಾವ ಟೈಲರೂ ಹಾಗೆ ಹೊಲಿಯೋದಿಲ್ಲ. ನಮ್ಮ ಹುಡುಗಿಯೇ ಕೂತು ಹೊಲಿದದ್ದು. ಸಾಲು ಸೊಟ್ಟ ಇತ್ತು, ಎರಡು ಕಡೆ ಪಿನ್ನಿನ ತೂತು.

ಅಂದರೆ ಬಿಗಿ ಆಗಿದೆ. ಹಾಗಾದರೆ ಅಳತೆ ರವಿಕೆ ಹೇಗೆ ಸರಿ ಆಗ್ತಿತ್ತು? ಅದನ್ನೂ ಯಾರೋ ಬಿಚ್ಚಿ ಹೊಲಿದಿರಬೇಕು ಅಂತ ಅಳತೆ ರವಿಕೆಯ ಪಕ್ಕದ ಹೊಲಿಗೆ ಬಿಚ್ಚಿದೆ. ಹೊರಗೆಲ್ಲ ಬೂದಿ ಬಣ್ಣಕ್ಕೆ ಮಾಸಿದ್ದ ರವಿಕೆ, ಬಿಸಿಲು ತಾಗದ ಒಳ ಅಂಚಿನಲ್ಲಿ ಇನ್ನೂ ನೇರಳೆ ಇತ್ತು. ಹೊಲಿಗೆಯ ತುದಿಯಲ್ಲಿ ಒಂದು ಸಣ್ಣ ಕೆಂಪು ನೂಲಿನ ಗಂಟು.

ಆ ಗಂಟು ನಂದು. ಮನೆಯವರ ಬಟ್ಟೆ ಗಿರಾಕಿಗಳ ಬಟ್ಟೆಯ ಜೊತೆ ಬೆರೆಯಬಾರದು ಅಂತ ಒಳಗೆ ಕೆಂಪು ನೂಲಿನ ಗಂಟು ಹಾಕೋದು ನನ್ನ ಅಭ್ಯಾಸ. ನೇರಳೆ ರವಿಕೆ ನಾನು ಹೊಲಿದದ್ದು ನನ್ನ ಮಗಳಿಗೆ. ಈಗ ಕಳಸದಲ್ಲಿ ಸಂಸಾರ ಮಾಡಿಕೊಂಡಿರುವ ಮಗಳಿಗೆ ಆಗ ಹದಿನೆಂಟು ವರ್ಷ.

ಎಲ್ಲರ ಮೇಲೂ ಅನುಮಾನ ಪಟ್ಟಿದ್ದೆ. ಒಂದು ತಿಂಗಳು ಟೇಬಲ್ಲಿನ ಮೇಲೆ ಕಣ್ಣ ಮುಂದೆ ಮಲಗಿದ್ದ ಅಳತೆ ರವಿಕೆಯ ಮೇಲೆ ಪಡಲಿಲ್ಲ.

ಅವತ್ತು ಸಂಜೆ ಹುಡುಗಿ ಅಂಗಡಿಗೆ ಟೀ ತಂದಾಗ, ಈ ಸಲ ಮುಖ ನೋಡಿ ಕೇಳಿದೆ. "ಅತ್ತೆಯ ರವಿಕೆ ಎಂತಕ್ಕೆ ಕೊಟ್ಟೆ ಮಗಾ?"

ಟೀ ಲೋಟ ಇಟ್ಟಳು. "ಟ್ರಂಕಿನಲ್ಲಿತ್ತು. ಎಲ್ಲರೂ ಅತ್ತೆ ಎಷ್ಟು ಚಂದ ಅಂತೀರಲ್ಲ. ಏನು ಹಾಕಿದ್ರೂ ಒಪ್ಪುತ್ತಿತ್ತು ಅಂತ. ನೀವೇ ಹೇಳಿದ್ದು ಅಜ್ಜ. ನಂಗೂ ಅದು ಆದ್ರೆ ನಾನೂ ಸರಿ ಇದ್ದೇನೆ ಅಂತ." ಟೇಬಲ್ಲಿನ ಮೇಲಿದ್ದ ರವಿಕೆಯನ್ನು ನನ್ನ ಕಡೆ ಸರಿಸಿ, "ಆಗ್ಲಿಲ್ಲ. ತಪ್ಪು ರವಿಕೇದು ಅಲ್ವಲ್ಲ" ಅಂದಳು.

ಆಮೇಲೆ ಉಳಿದದ್ದೂ ಬಂತು. ಟ್ರೈನಿಂಗಿನಲ್ಲಿ ಪಾಠ ಮಾಡಿ ತೋರಿಸುವ ದಿನ ಸೀರೆ ಉಟ್ಟಿದ್ದಳಂತೆ. ಬೋರ್ಡಿನ ಮೇಲ್ಗಡೆ ಬರೆಯೋಕೆ ಕೈ ಎತ್ತಿದ್ದಾಳೆ, ಬ್ಲೌಸ್ ಹೊಟ್ಟೆಯಿಂದ ಮೇಲೆ ಸರಿದು ಕಂಕುಳ ಹೊಲಿಗೆ ಟರ್ ಅಂದಿದೆ. ಮಕ್ಕಳು ನಕ್ಕಿದ್ದಾರೆ. ಜೊತೆಯವಳೊಬ್ಬಳು ಸಮಾಧಾನ ಮಾಡುವ ನೆಪದಲ್ಲಿ, ಆ ಬಣ್ಣದಲ್ಲಿ ನಿನ್ನ ಮುಖ ಇದೆಯೋ ಇಲ್ವೋ ಗೊತ್ತೇ ಆಗಲ್ಲ ಅಂದಿದ್ದಾಳೆ. ಅವತ್ತಿನಿಂದ ಸ್ವೆಟರು. ಆ ಬ್ಲೌಸೂ ನಾನೇ ಹೊಲಿದು ಕಳಿಸಿದ್ದು.

"ನಾನು ಮೂಡಿಗೆರೆ ಶಾಲೆಗೆ ಹೋಗಲ್ಲ ಅಜ್ಜ. ಅಪ್ಪನಿಗೆ ನೀವೇ ಹೇಳಿ."

ಶಾಲೆ ಶುರುವಾಗೋಕೆ ಹನ್ನೆರಡು ದಿನ ಇತ್ತು. ನಾನು ಅಳತೆ ರವಿಕೆ ಮಡಚಿ ಕವರಿಗೆ ಹಾಕಿದೆ. "ಇದಿನ್ನು ಬೇಡ. ನಿನ್ನ ಅಳತೆ ತೆಗೆಯುವಾ" ಅಂದೆ. ಹೇಳಿಬಿಟ್ಟೆ, ಆದರೆ ತೆಗೆಯೋದು ಹೇಗೆ? ಮೊಮ್ಮಗಳಾದರೂ ದೊಡ್ಡ ಹುಡುಗಿ, ಅವಳಿಗೂ ಸಂಕೋಚ, ನನಗೂ.

ಮಾರನೇ ದಿನ ನಮ್ಮನೆಯವಳನ್ನು ಪರದೆಯ ಆ ಕಡೆ ಹುಡುಗಿಯ ಜೊತೆ ನಿಲ್ಲಿಸಿದೆ. ನಾನು ಈ ಕಡೆ. ನಮ್ಮನೆಯವಳಿಗೆ ಅಂಕಿ ಓದೋಕೆ ಬರೋದಿಲ್ಲ, ಟೇಪು ಕೊಟ್ಟು ಪ್ರಯೋಜನವಿಲ್ಲ. ಕಾಫಿ ಚೀಲ ಹೊಲಿಯುವ ಟ್ವೈನ್ ದಾರ ಕೊಟ್ಟೆ. ದಾರ ಹಿಡಿ, ಅಳತೆ ಮುಗಿದಲ್ಲಿ ಗಂಟು ಹಾಕು, ನನಗೆ ಕೊಡು. ಗಂಟು ನಾನು ಟೇಪಿನ ಮೇಲೆ ಓದ್ತೇನೆ.

"ಎಡ ಭುಜ!" ಅಂತ ಕೂಗಿದೆ.

"ಎಂತಕ್ಕೆ ಕೂಗ್ತೀರಿ, ನಾವೇನು ಕಳಸದಲ್ಲಿದ್ದೇವಾ?" ಅಂತ ಒಳಗಿನಿಂದ ಬಂತು.

ಕುತ್ತಿಗೆಯ ಬುಡದಿಂದ ಭುಜದ ಮೇಲೆ ಹಾದು ಮೊಣಕೈವರೆಗೆ ಎಡಕ್ಕೊಂದು ದಾರ, ಬಲಕ್ಕೊಂದು ದಾರ ಬಂತು. ಎರಡನ್ನೂ ಜೋಡಿಸಿ ಹಿಡಿದರೆ ಗಂಟು ಕೂಡಲಿಲ್ಲ. ಮುಕ್ಕಾಲು ಇಂಚು ವ್ಯತ್ಯಾಸ. "ಸರಿಯಾಗಿ ಹಿಡಿಯೇ" ಅಂದೆ. ಮೂರು ಸಲ ತೆಗೆಸಿದೆ. ಮೂರು ಸಲವೂ ಅಷ್ಟೇ. ನಾಲ್ಕನೇ ಸಲಕ್ಕೆ, "ನನ್ನ ಗಂಟಿನ ಮೇಲೂ ಅನುಮಾನವಾ? ಹುಡುಗಿಯ ಬಲ ಭುಜ ಇಳಿದಿದೆ, ಕಣ್ಣಿಗೆ ಕಾಣ್ತದೆ" ಅಂದಳು. ಅಳತೆ ರವಿಕೆ ಇದನ್ನು ಯಾವ ಕಾಲಕ್ಕೂ ನನಗೆ ಹೇಳ್ತಿರಲಿಲ್ಲ. ಅದಕ್ಕೆ ಎರಡು ಭುಜವೂ ಒಂದೇ.

ಇನ್ನೊಂದು ಕೆಲಸ ಮಾಡಿದೆ. ಅಳತೆ ತೆಗೆಯುವಾಗ ಎಲ್ಲರೂ ಕೈ ಇಳಿಬಿಟ್ಟು ನಿಲ್ತಾರೆ. ನಾನು ಹುಡುಗಿಗೆ ಗೋಡೆಯ ಕಡೆ ತಿರುಗಿ, ನನ್ನ ಸೀಮೆಸುಣ್ಣ ಹಿಡಿದು, ಎಟುಕುವಷ್ಟು ಮೇಲೆ ಅ ಆ ಇ ಈ ಬರಿ ಅಂದೆ. ಬರೆಯುವಾಗಲೇ ಬೆನ್ನಿನ ಅಗಲ, ಕಂಕುಳಿಂದ ಸೊಂಟದ ಉದ್ದ ಮತ್ತೆ ತೆಗೆಸಿದೆ. ಕೈ ಎತ್ತಿದರೆ ಪಕ್ಕದ ಉದ್ದ ಎರಡು ಇಂಚು ಬೆಳೆಯುತ್ತದೆ! ಇಷ್ಟು ವರ್ಷ ಕೈ ಇಳಿಬಿಟ್ಟ ಹೆಂಗಸರಿಗೇ ಹೊಲಿದಿದ್ದೆ ನಾನು. ಕೈ ಇಳಿಬಿಟ್ಟು ನಿಲ್ಲುವ ಹೆಂಗಸನ್ನು ಯಾವ ಮನೆಯಲ್ಲಿ ನೋಡಿದ್ದೇನೆ?

ನನ್ನ ಹಳೇ ಪಂಚೆ ಹರಿದು ಮೊದಲ ಪರೀಕ್ಷೆಯ ರವಿಕೆ ಹೊಲಿದೆ. ಕಂಕುಳ ಸುತ್ತು ದೊಡ್ಡದಾಗಿ, ಕೆಳಗೆ ಇಳಿಸಿ ಕತ್ತರಿಸಿದೆ, ಸಡಿಲ ಇದ್ದರೆ ಕೈ ಏಳುತ್ತದೆ ಅಂತ. ಇಳಿದ ಭುಜಕ್ಕೆ ಒಳಗಿನಿಂದ ಬಟ್ಟೆಯ ಮೆತ್ತೆ ಇಟ್ಟೆ. ಮೈಯ ತಪ್ಪನ್ನು ಬಟ್ಟೆ ಮುಚ್ಚಬೇಕು ಅಂತ ಗುರುಗಳ ಮಾತು. ಹುಡುಗಿ ಪಂಚೆ ರವಿಕೆಯ ಮೇಲೆ ಸೆರಗು ಹೊದ್ದು ಬಂದು ಗೋಡೆಗೆ ಕೈ ಎತ್ತಿದಳು. ಇಡೀ ರವಿಕೆ ಕೈಯ ಜೊತೆ ಮೇಲೆ ಹೋಯಿತು. ಮೆತ್ತೆ ಕಿವಿಯ ಹತ್ತಿರ ಹುಂಜದ ಜುಟ್ಟಿನ ಹಾಗೆ ಎದ್ದು ನಿಂತಿತು. ಹುಡುಗಿ ಕನ್ನಡಿ ನೋಡಿ ಫಕ್ಕನೆ ನಕ್ಕುಬಿಟ್ಟಳು. ಆ ತಿಂಗಳಲ್ಲಿ ಅವಳು ಕನ್ನಡಿ ನೋಡಿದ್ದು ಅದೇ ಮೊದಲು. ಕೆಲಸ ಕೆಟ್ಟರೂ ನನಗೆ ಸಂತೋಷವಾಯಿತು.

ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ಸಡಿಲ ಮಾಡಿದ್ದೇ ತಪ್ಪು. ಕಂಕುಳ ಸುತ್ತು ಕೆಳಗಿದ್ದರೆ ತೋಳು ಎಳೆದಾಗ ಪಕ್ಕವೂ ಬರುತ್ತದೆ. ಅದು ಕಂಕುಳಿಗೆ ಹತ್ತಿರವೇ ಕೂರಬೇಕು. ಕೈಗೆ ಬೇಕಾದ ಜಾಗವನ್ನು ತೋಳಿನ ಕೆಳಗೆ ಒಂದು ಸಣ್ಣ ಚೌಕ ತುಂಡು ಸೇರಿಸಿ ಕೊಡಬೇಕು. ಮೆತ್ತೆ ಕಿತ್ತು ಎಸೆದೆ. ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಕಾಗದ ಕತ್ತರಿಸಿ, ಅದರ ಪ್ರಕಾರ ಬಟ್ಟೆ ಕತ್ತರಿಸಿದೆ. ಗುರುಗಳು ಇದ್ದಿದ್ದರೆ ಕಿವಿ ಹಿಂಡ್ತಿದ್ದರು. ಹುಡುಗಿಯ ಭುಜ ಇಳಿದಿದ್ದರೆ ರವಿಕೆಯ ಭುಜವೂ ಇಳಿಯಲಿ, ಅದರಲ್ಲಿ ಮುಚ್ಚೋದೇನಿದೆ?

ಎರಡನೇ ಪಂಚೆ ರವಿಕೆ ಕೈ ಎತ್ತಿದರೂ ಜಾಗ ಬಿಟ್ಟು ಕದಲಲಿಲ್ಲ. ಹುಡುಗಿ ಗೋಡೆ ತುಂಬ ಒಂದರಿಂದ ನೂರರವರೆಗೆ ಬರೆದಳು. ಶಾಲೆಗೆ ಹೋಗಲ್ಲ ಅನ್ನೋ ಮಾತನ್ನು ಆಮೇಲೆ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಉಳಿದದ್ದು ಬಣ್ಣ. ಅದನ್ನು ನಾನು ಕಂಡುಹಿಡಿದೆ ಅಂದರೆ ಸುಳ್ಳು. ಹುಡುಗಿಗೆ ಒಂದು ಬೆಳಿಗ್ಗೆ ನಿಜವಾಗಿಯೂ ಶೀತ ಆಗಿ, ಕೌದಿ ಹೊದ್ದು ಅಂಗಡಿಯ ಜಗಲಿಯಲ್ಲಿ ಕೂತಿದ್ದಳು. ಅಂಗಡಿಯ ತುಂಡು ಬಟ್ಟೆಗಳನ್ನೆಲ್ಲ ಸೇರಿಸಿ ನಮ್ಮನೆಯವಳು ಹೊಲಿದ ಕೌದಿ ಅದು. ಬಾಗಿಲು ತೆಗೆಯೋಕೆ ಬಂದವನು ನಿಂತುಬಿಟ್ಟೆ. ಹುಡುಗಿಯ ಮುಖ ದೀಪ ಹಚ್ಚಿದ ಹಾಗಿತ್ತು. ಬೆಳಕಿನ ಮೋಸವೇನೋ ಅಂತ ಅನುಮಾನ. ಹೋಗಿ ಕೌದಿಯನ್ನು ಅವಳ ಕುತ್ತಿಗೆಯ ಸುತ್ತ ಒಂದು ಗೇಣು ತಿರುಗಿಸಿದೆ. ಬಿಸ್ಕತ್ ತುಂಡು ಗಲ್ಲದ ಕೆಳಗೆ ಬಂತು, ಮುಖ ಬೂದಿ. ಇನ್ನೊಂದು ಗೇಣು ತಿರುಗಿಸಿದೆ, ಗುಲಾಬಿ, ಮುಖ ಕಾಯಿಲೆಯವರ ಹಾಗೆ. ಮತ್ತೆ ವಾಪಸು ತಿರುಗಿಸಿದೆ, ದೀಪ.

"ಅಜ್ಜ, ನಾನೇನು ರುಬ್ಬುವ ಗುಂಡಾ?"

"ಸುಮ್ನಿರು ಮಗಾ." ಗಲ್ಲದ ಕೆಳಗಿದ್ದ ತುಂಡು ನೋಡಿದೆ. ಅರಿಶಿನದ ಕೊಂಬು ಮುರಿದರೆ ಒಳಗೆ ಕಾಣುತ್ತದಲ್ಲ, ಆ ಬಣ್ಣ.

ಕೌದಿ ಹೊತ್ತುಕೊಂಡೇ ಸಾಹೇಬರ ಅಂಗಡಿಗೆ ನಡೆದೆ. "ಈ ಬಣ್ಣ ಕೊಡಿ. ಟ್ಯೂಬ್‌ಲೈಟಿನ ಕೆಳಗೆ ತೋರಿಸಬೇಡಿ, ರಸ್ತೆಗೆ ತನ್ನಿ." ಅವರು ಅಟ್ಟ ಹತ್ತಿ ಕಟ್ಟಿನ ಅಡಿಯಿಂದ ಒಂದು ಪೀಸು ಎಳೆದರು. ಜೊತೆಗೆ ಬಾಟಲ್ ಗ್ರೀನ್ ಕಾಟನ್ ಸೀರೆ. "ಕಪ್ಪಿನವರು ಇಂಥದ್ದು ಕೇಳೋದೇ ಇಲ್ಲ ಟೈಲರೇ. ನೀವೇ ಬೇಡ ಅಂತ ಹೇಳಿ ಕಳಿಸ್ತೀರಲ್ಲ!" ಅಂದರು. ಹೌದು, ನಾನೇ.

ಸೊಸೆ ಒಪ್ಪಲಿಲ್ಲ. "ಮಾವ, ಇದ್ರಲ್ಲಿ ಇನ್ನೂ ಕಪ್ಪು ಕಾಣ್ತಾಳೆ. ಮೊದಲನೇ ದಿನ ಜನ ಎಂತ ಅಂದಾರು?" ನಾನು ವಾದ ಮಾಡಲಿಲ್ಲ. ಹುಡುಗಿಯನ್ನು ಜಗಲಿಗೆ ಕರೆದು ಒಂದು ಭುಜಕ್ಕೆ ಬಿಸ್ಕತ್ತು, ಇನ್ನೊಂದಕ್ಕೆ ಅರಿಶಿನ ಹಾಕಿ ನಿಲ್ಲಿಸಿದೆ. ಸೊಸೆ ನೋಡಿದಳು. ಬಿಸ್ಕತ್ತನ್ನು ತಾನೇ ತೆಗೆದಳು. ಮತ್ತೆ ನೋಡಿದಳು. "ಸೀರೆಗೆ ಫಾಲ್ ನಾನು ಹಾಕ್ತೇನೆ" ಅಂತ ಒಳಗೆ ಹೋದಳು.

ಇವತ್ತು ಬೆಳಿಗ್ಗೆ ಹುಡುಗಿ ಹಸಿರು ಸೀರೆ, ನಾನು ಹೊಲಿದ ಅರಿಶಿನ ಬ್ಲೌಸಿನಲ್ಲಿ ಹೊರಟಳು. ಅಭ್ಯಾಸಬಲ, ಬಾಗಿಲ ಹಿಂದಿನ ಮೊಳೆಯಿಂದ ಸ್ವೆಟರ್ ತೆಗೆದಳು. ಕೈಯಲ್ಲಿ ಹಿಡಿದು ನಿಂತು, ಏನು ಯೋಚನೆ ಮಾಡಿದಳೋ, ಮತ್ತೆ ಮೊಳೆಗೆ ಹಾಕಿ ಕೊಡೆ ಬಿಚ್ಚಿದಳು. ಬಸ್ಸು ಹೋದ ಮೇಲೂ ನನಗೆ ನಂಬಿಕೆ ಇಲ್ಲ. ಬ್ಯಾಗಿನಲ್ಲಿ ಬೇರೆ ಸ್ವೆಟರ್ ಇದ್ದರೆ? ಸೊಸೆಯ ಸ್ವೆಟರ್ ಎಲ್ಲಿದೆ ಅಂತ ನೋಡಿದೆ. ಇತ್ತು. ಮಧ್ಯಾಹ್ನದೊಳಗೆ ನಾಲ್ಕು ಸಲ ಮೊಳೆ ನೋಡಿ ಬಂದೆ.

ಸಂಜೆ ಬಂದಳು. ಬಲ ತೋಳಿನಿಂದ ಭುಜದವರೆಗೆ ಸೀಮೆಸುಣ್ಣದ ಪುಡಿ. "ಬೋರ್ಡಿನ ಮೇಲ್ತುದಿಯಿಂದ ಬರೆದೆ ಅಜ್ಜ" ಅಂದಳು. ನಾನು ಪುಡಿ ಝಾಡಿಸೋಕೆ ಬಿಡಲಿಲ್ಲ.

ಕಳಸದಿಂದ ಮಗಳೂ ಹಲಸಿನಹಣ್ಣು ಹೊತ್ತುಕೊಂಡು ಬಂದಿದ್ದಳು. ಏಳು ಗಂಟೆಗೆಲ್ಲ ಅಡುಗೆಮನೆಯಲ್ಲಿ ಸಾಲಾಗಿ ಕೂತೆವು. ಕಡುಬು, ಕೋಳಿಸಾರು, ಆಮೇಲೆ ಹಲಸು. ನಾನು ಖುಷಿಯಲ್ಲಿ ಮಗಳಿಗೆ ಅವಳ ನೇರಳೆ ರವಿಕೆಯ ಕಥೆ ಮೊದಲಿಂದ ಹೇಳಿದೆ. ಅವಳು ಕಡುಬು ಕೈಯಲ್ಲೇ ಹಿಡಿದು ಕೇಳಿದಳು.

"ಅಪ್ಪ, ಅದು ನನಗೂ ಬಿಗಿ ಇತ್ತು."

"ಎಂತದು?"

"ಕೈ ಎತ್ತೋಕೆ ಆಗ್ತಾ ಇರ್ಲಿಲ್ಲ. ನೀವು ಅಮ್ಮನ ರವಿಕೆ ಅಳತೆ ಇಟ್ಟು ಹೊಲಿದಿದ್ರಿ. ಅಷ್ಟು ಆಸೆಯಿಂದ ಹೊಲಿದವರಿಗೆ ಏನಂತ ಹೇಳೋದು? ಸರಿ ಇದೆ ಅಂದೆ."

ಮೊಮ್ಮಗಳು ಅತ್ತೆಯ ಮುಖ ನೋಡಿದಳು. ಅತ್ತೆ ಅವಳ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ ನಗೋಕೆ ಶುರು ಮಾಡಿದರು, ಮಗನಿಗೆ ಸಾರು ನೆತ್ತಿಗೆ ಹತ್ತಿತು. ನಾನು ನಿಧಾನವಾಗಿ ನಮ್ಮನೆಯವಳ ಕಡೆ ತಿರುಗಿದೆ. ಅವಳು ಏನೂ ಕೇಳದವಳ ಹಾಗೆ ಪಾತ್ರೆಯಿಂದ ಕಡುಬು ತೆಗೀತಿದ್ದಳು.

"ನಿನ್ನ ರವಿಕೆ ಯಾರ ಅಳತೆಗೆ ಹೊಲಿದಿದ್ದೆ ನಾನು?"

"ನಿಮ್ಮ ಅಮ್ಮಂದು" ಅಂದಳು.

"ಕೈ ಎತ್ತು ನೋಡುವಾ."

"ಮೊದಲು ಊಟ ಮಾಡಿ" ಅಂತ ನನ್ನ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು.